ಕತ್ತಿಯಿಲ್ಲದ ಕುಚ್ಚು

"ಲೈಟ್ ಬಂದ್ ಮಾಡಿ ಸಿರಾಜ್," ಎಂದಳು ಡೆಲ್ಮಾ.

ಕುವೈತಿನ ರುಮೈಥಿಯಾದ ಆ ನೆಲಮಾಳಿಗೆಗೆ ಕಿಟಕಿ ಇರಲಿಲ್ಲ. ಸಿರಾಜುದ್ದೀನ್ ಸ್ವಿಚ್ ಒತ್ತಿದ್ದೇ ತಡ, ಗೋಡೆಯ ಮೇಲಿನ ಕತ್ತಿಗಳು, ಗಾಜಿನ ಕಪಾಟುಗಳು, ಸೋಫಾದಲ್ಲಿ ಕೂತ ಮಂದಿ ಎಲ್ಲವೂ ಕತ್ತಲೆಯಾಯಿತು. ಡೆಲ್ಮಾ ತನ್ನ ನೇರಳೆ ಬೆಳಕಿನ ಪುಟ್ಟ ಟಾರ್ಚನ್ನು ಮೇಜಿನ ಮೇಲಿದ್ದ ಕತ್ತಿಯ ಕುಚ್ಚಿಗೆ ಹಿಡಿದಳು. ಕುಚ್ಚು ಹೊಳೆಯಿತು. ಎಲ್ಲೋ ಒಂದು ಕಡೆಯಲ್ಲ, ಮೇಲಿನಿಂದ ಕೆಳಗಿನವರೆಗೂ ಹೊಳೆಯಿತು. ಅವಳು ಟಾರ್ಚ್ ಆರಿಸಿದಳು. ಅವಳ ಲೆಕ್ಕದಲ್ಲಿ ಇನ್ನು ನೋಡಲು ಏನೂ ಉಳಿದಿರಲಿಲ್ಲ.

ದೀಪ ಹತ್ತಿದ ಮೇಲೆ, "ಇದು ಒರಿಜಿನಲ್ ಅಲ್ಲ," ಎಂದು ಕನ್ನಡದಲ್ಲಿ ಹೇಳಿದಳು. ಅದನ್ನೇ ಮನೆಯ ಯಜಮಾನ ಬೂ ನಾಸರ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಬೂ ನಾಸರ್ "ಖಲಾಸ್" ಎಂದು ಜಪಮಣಿಯನ್ನು ಜೇಬಿಗಿಳಿಸಿದ. ಅವನ ಇಬ್ಬರು ಗೆಳೆಯರು ಚಹಾದ ಲೋಟದತ್ತ ತಿರುಗಿದರು. ಕುಚ್ಚು ತಂದಿದ್ದ ಲಕ್ಷ್ಮೀನರಸಿಂಹ ಶರ್ಕ್‌ನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯವನು. ಬೇರೆಯವರ ಅರ್ಜಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವೇ ಹೊರತು ಅನ್ನಿಸಿಕೊಂಡು ಅಭ್ಯಾಸವಿರಲಿಲ್ಲ. ಮುಖ ಎತ್ತಲಾರದೆ ಫೋನ್ ನೋಡುತ್ತ ಕೂತ. ಅವನ ತಾಯಿ ರಾಜಮ್ಮ ಮಾತ್ರ ನಿಧಾನಕ್ಕೆ ಎದ್ದು ಮೇಜಿನ ಹತ್ತಿರ ಬಂದು ಕೈ ಚಾಚಿದರು.

"ಕೊಡಿ ಇಲ್ಲಿ," ಎಂದರು.

ಕುಚ್ಚನ್ನು ಹಳೆಯ ರೇಷ್ಮೆ ವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮಂಡಿನೋವಿದ್ದರೂ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ ಹೋದರು. ಡೆಲ್ಮಾಳತ್ತ ತಿರುಗಿಯೂ ನೋಡಲಿಲ್ಲ.

ಡೆಲ್ಮಾಳಿಗೆ ಜಂಬ ಇತ್ತು. ಇರಲಿಲ್ಲ ಎಂದರೆ ಸುಳ್ಳಾದೀತು, ಇರಬಾರದಿತ್ತು ಎನ್ನುವವರು ಅವಳ ಕೆಲಸ ನೋಡಿದವರಲ್ಲ. ಬೆಳ್ಮಣ್ಣಿನ ಹುಡುಗಿ, ಮುಂಬೈಯಲ್ಲಿ ಜವಳಿ ವಿಜ್ಞಾನ ಓದಿ, ಕುವೈತಿಗೆ ಬಂದು ಶುವೈಖ್‌ನ ಪ್ರಯೋಗಾಲಯವೊಂದರಲ್ಲಿ ಬಟ್ಟೆ ಪರೀಕ್ಷೆಯ ವಿಭಾಗಕ್ಕೆ ಮುಖ್ಯಸ್ಥೆಯಾದವಳು. ಜಪಾನಿ ಸೈನ್ಯದ ಕತ್ತಿಗಳ ಹುಚ್ಚು ಅವಳಿಗೆ ಬೂ ನಾಸರ್‌ನಿಂದ ಹತ್ತಿದ್ದು. ಹುಚ್ಚು ಎಂದರೂ ಅಲಗಿನದಲ್ಲ, ಹಿಡಿಗೆ ಕಟ್ಟುವ ಕುಚ್ಚಿನದು. ಆ ಸೈನ್ಯದ ಅಧಿಕಾರಿಗಳ ಕತ್ತಿಗೆ ರೇಷ್ಮೆ ಪಟ್ಟಿಯ ಕುಚ್ಚೊಂದು ತೂಗುತ್ತಿತ್ತು. ಹೊರಮೈ ಕಂದು, ಒಳಮೈ ನೀಲಿಯಿದ್ದರೆ ಕ್ಯಾಪ್ಟನ್‌ವರೆಗಿನವರದು, ಕೆಂಪಿದ್ದರೆ ಅದಕ್ಕೂ ಮೇಲಿನವರದು, ಚಿನ್ನದ ಎಳೆಯಿದ್ದರೆ ಜನರಲ್‌ನದು. ಕತ್ತಿ ಉಳಿದ ಕಡೆಯೂ ಕುಚ್ಚು ಉಳಿದಿರುವುದು ಅಪರೂಪ. ಹಾಗಾಗಿ ನಕಲಿ ಮಾಡುವವರ ಸುಗ್ಗಿ. ನಕಲಿಯಲ್ಲಿ ನೈಲಾನ್ ಇರುತ್ತದೆ, ಈಗಿನ ಕಾಲದ ಬಣ್ಣ ಇರುತ್ತದೆ, ಚಹಾದಲ್ಲಿ ಅದ್ದಿ ಹಳತು ಮಾಡಿರುತ್ತಾರೆ. ನೇರಳೆ ಬೆಳಕಿಗೆ ಅದು ಹೊಳೆದು ಸಿಕ್ಕಿಬೀಳುತ್ತದೆ. ಹಳೆಯ ರೇಷ್ಮೆ ಹೊಳೆಯದೆ ಮಂಕಾಗಿ ಕೂತಿರುತ್ತದೆ. ಡೆಲ್ಮಾಳ ಕ್ರಮ ಇಷ್ಟೇ: ಮೊದಲು ಟಾರ್ಚ್. ಹೊಳೆದರೆ ಮುಗಿಯಿತು, ಹೊಳೆಯದಿದ್ದರೆ ಭೂತಗನ್ನಡಿ.

ಮೊದಮೊದಲಿಗೆ ಬೂ ನಾಸರ್ ಹೆಮ್ಮೆಯಿಂದ ತೋರಿಸಿದ ಜನರಲ್‌ನ ಕುಚ್ಚನ್ನೇ ಅವಳು ನೈಲಾನ್ ಎಂದುಬಿಟ್ಟಿದ್ದಳು. ಅವನು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ಆಮೇಲೆ ಒಂದು ದಿನ ತಾನಾಗಿ ಕಾರು ಕಳಿಸಿದ. ಅಂದಿನಿಂದ ಅವಳ ಬಾಯಿಂದ ಹೂಂ ಬರದೆ ಅವನು ಒಂದು ದಾರವನ್ನೂ ಕೊಂಡವನಲ್ಲ. ಬಹರೇನ್, ದೋಹಾದವರೂ ಅವಳನ್ನು ಕೇಳಿಯೇ ಕೊಳ್ಳುತ್ತಿದ್ದರು. ಗಂಡ ಗ್ಲೆನ್ ಅವಳನ್ನು ಬಾಲದ ಡಾಕ್ಟರ್ ಎಂದು ಗೇಲಿ ಮಾಡುತ್ತಿದ್ದ, ಆದರೆ ಇಗರ್ಜಿಯ ಅಂಗಳದಲ್ಲಿ ಅವಳ ಬಗ್ಗೆ ನಾಲ್ಕು ಜನರಿಗೆ ಮೊದಲು ಹೇಳುತ್ತಿದ್ದವನೂ ಅವನೇ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪ್ರಸಂಗ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಅವಳ ಜಂಬದ ಬುಡವೇ ಅದು.

ರಾಜಮ್ಮನವರ ಕುಚ್ಚಿನ ಕಥೆಯನ್ನು ಲಕ್ಷ್ಮೀನರಸಿಂಹ ಆ ಸಂಜೆ ಮೊದಲೇ ಎಲ್ಲರಿಗೂ ಹೇಳಿದ್ದ. ಅವನ ತಾತ, ಎಂದರೆ ರಾಜಮ್ಮನವರ ಮಾವ, ಬರ್ಮಾದ ಯುದ್ಧದಲ್ಲಿ ಸುಬೇದಾರ್ ಆಗಿದ್ದವರು. ಜಪಾನಿಯರು ಶರಣಾಗಿ ಕತ್ತಿ ಒಪ್ಪಿಸಿದ ದಿನ ಬಿಳಿ ದೊರೆ ಕತ್ತಿಯನ್ನು ತಾನಿಟ್ಟುಕೊಂಡು, ಕುಚ್ಚನ್ನು ಬಿಚ್ಚಿ ಇವರ ಕೈಗಿತ್ತನಂತೆ. ಅವರು ಅದನ್ನೇ ಪದಕದಂತೆ ಪಿರಿಯಾಪಟ್ಟಣಕ್ಕೆ ತಂದರು. ಊರವರು ಬಿಡುತ್ತಾರೆಯೇ? ಕುಚ್ಚು ಸುಬೇದಾರ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲಂತೂ, ಮುದುಕ ಪಲ್ಟನ್ನಿನ ಅಡುಗೆಮನೆಯಲ್ಲಿದ್ದ, ಕುಚ್ಚನ್ನು ರಂಗೂನಿನ ಸಂತೆಯಲ್ಲಿ ಕೊಂಡಿದ್ದ ಎಂದು ನೆಂಟರೇ ಆಡಿಕೊಂಡರು. ಬೂ ನಾಸರ್ ಬಳಿ ಅದೇ ಸೈನ್ಯದ ಕತ್ತಿಯೊಂದು ಕುಚ್ಚಿಲ್ಲದೆ ಬೋಳು ಹಿಡಿಯಲ್ಲಿತ್ತು. ಬ್ಯಾಂಕಿನ ಔತಣವೊಂದರಲ್ಲಿ ಈ ಕಥೆ ಕೇಳಿದವನು, ಕುಚ್ಚು ನಿಜವಾದರೆ ತನ್ನ ಕತ್ತಿಗೆ ಕಟ್ಟಿ, ಸುಬೇದಾರರ ಹೆಸರಿನಲ್ಲೇ ಎಲ್ಲರಿಗೂ ತೋರಿಸುತ್ತೇನೆ ಎಂದಿದ್ದ. ಮಗನ ಮನೆಗೆ ಬರುವಾಗ ರಾಜಮ್ಮ ಅದನ್ನು ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟು, ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು. ಡೆಲ್ಮಾಳ ಒಂದು ಮಾತಿಗೆ ಊರವರು ಆಡಿದ್ದೆಲ್ಲ ಸತ್ಯವಾಗಿಬಿಟ್ಟಿತ್ತು.

ಮರುದಿನ ಶುಕ್ರವಾರ, ರಜೆ. ಇಗರ್ಜಿಯ ಪೂಜೆ ಮುಗಿಸಿ ಬಂದ ಡೆಲ್ಮಾ ಝುಬೈದಿ ಮೀನು ತೊಳೆದು ಉಪ್ಪು ಅರಿಶಿನ ಹಚ್ಚುತ್ತಿದ್ದಳು. ಕೈ ಕೆಲಸ ಮಾಡುತ್ತಿತ್ತು, ತಲೆ ರುಮೈಥಿಯಾದಲ್ಲಿತ್ತು. ನಕಲಿ ಕುಚ್ಚುಗಳು ಹೊಳೆಯುವುದು ಬಿಳಿ ಬಟ್ಟೆಗೆ ನೀಲಿ ಹಾಕಿದಂತೆ. ನಿನ್ನೆಯದು ಹಾಗಿರಲಿಲ್ಲ, ನಿಂಬೆಕಾಯಿ ಬಣ್ಣದಲ್ಲಿತ್ತು. ಆಗಲೇ ಕಣ್ಣಿಗೆ ಬಿದ್ದಿತ್ತು, ಆದರೆ ಹೊಳೆದರೆ ಮುಗಿಯಿತಲ್ಲ ಎಂದು ಬಿಟ್ಟಿದ್ದಳು. ಟಾರ್ಚೇ ಕೆಟ್ಟಿದೆಯೋ ಎಂಬ ಅನುಮಾನ ಬಂತು. ಕೈಯನ್ನು ಅರೆಬರೆ ತೊಳೆದುಕೊಂಡು, ಕೈಚೀಲದಿಂದ ಟಾರ್ಚ್ ತೆಗೆದು, ಪರದೆ ಎಳೆದು, ಪೇಪರ್ ಓದುತ್ತಿದ್ದ ಗ್ಲೆನ್‌ನ ಬನಿಯನ್ನಿಗೆ ಹಿಡಿದಳು. ಬನಿಯನ್ ನೀಲಿಬಿಳುಪಾಗಿ ಹೊಳೆಯಿತು. ಟಾರ್ಚ್ ಸರಿಯಿತ್ತು. ಆರಿಸಬೇಕು ಎನ್ನುವಾಗ ಬನಿಯನ್ನಿನ ಮೇಲಿದ್ದ ತನ್ನ ಬೆರಳು ಕಂಡಿತು. ಉಗುರ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಅದೇ ನಿಂಬೆಕಾಯಿ ಬಣ್ಣ.

ಅವಳು ಕುರ್ಚಿ ಎಳೆದು ಕೂತುಬಿಟ್ಟಳು. ಏನಾಯಿತೆಂದು ಗ್ಲೆನ್ ಕೊಂಕಣಿಯಲ್ಲಿ ಕೇಳಿದ. ಅರಿಶಿನ, ಎಂದಳು. ಎಲ್ಲ ಕೇಳಿದ ಮೇಲೆ ಅವನು ಸಂಸಾರಸ್ಥನಿಗೆ ತಕ್ಕ ಬುದ್ಧಿಯನ್ನೇ ಹೇಳಿದ. ಆ ಮುದುಕಿ ಇನ್ನೇನು ಊರಿಗೆ ಹೋಗುತ್ತಾರೆ, ಬೂ ನಾಸರ್ ಆಗಲೇ ಮರೆತಿರುತ್ತಾನೆ, ಇಷ್ಟು ವರ್ಷ ಕಟ್ಟಿದ ಹೆಸರನ್ನು ನೀನೇ ಹೋಗಿ ಯಾಕೆ ಅಲ್ಲಾಡಿಸುತ್ತಿ, ಇದು ನಿನಗೂ ಈ ಮೀನಿಗೂ ಬಿಟ್ಟು ಯಾರಿಗೆ ಗೊತ್ತು, ಎಂದ.

"ನನಗೆ ಗೊತ್ತುಂಟಲ್ಲ," ಎಂದಳು ಡೆಲ್ಮಾ.

ಅವಳಿಗೆ ಸಿಟ್ಟು ಬಂದಿತ್ತು. ಗ್ಲೆನ್‌ನ ಮೇಲಲ್ಲ, ತನ್ನ ಮೇಲೆ. ಎಲ್ಲರೂ ನೋಡುವ ಬೆಳಕನ್ನು ತಾನೂ ನೋಡಿ, ಬಣ್ಣ ನೋಡದೆ ಎದ್ದು ಬಂದಿದ್ದಕ್ಕೆ. ಟಾರ್ಚ್ ಒತ್ತಿ ಹೊಳೆಯಿತು ಎನ್ನಲು ಡೆಲ್ಮಾ ಯಾಕೆ ಬೇಕು, ಅಂಗಡಿಯ ಹುಡುಗ ಸಾಕು. ಅಂಥ ಹೆಸರು ಇದ್ದರೂ ಒಂದೇ, ಹೋದರೂ ಒಂದೇ.

ಅಂದೇ ಸಂಜೆ ಅವಳು ಸಾಲ್ಮಿಯಾದಲ್ಲಿದ್ದ ಲಕ್ಷ್ಮೀನರಸಿಂಹನ ಫ್ಲ್ಯಾಟಿಗೆ ಹೋದಳು. ಬಾಗಿಲು ತೆಗೆದವನಿಗೆ ಅವಳನ್ನು ಒಳಗೆ ಕರೆಯಲೋ ಬೇಡವೋ ಎಂದಾಯಿತು. ಒಳಗಿನಿಂದ ರಾಜಮ್ಮನೇ, ಬಂದವರನ್ನು ನಿಲ್ಲಿಸಬೇಡ ಎಂದರು. ಕೂರಿಸಿದರು. ಕಾಫಿ ತಾವೇ ಬೆರೆಸಿ ತಂದರು. ಕುಡಿದು ಲೋಟ ಇಡುವವರೆಗೆ ಎದುರಿಗೇ ಕೂತು ನೋಡಿದರು. ಡೆಲ್ಮಾ ಅಷ್ಟು ಕಷ್ಟಪಟ್ಟು ಕಾಫಿ ಕುಡಿದದ್ದು ಅದೇ ಮೊದಲು.

"ಒಂದು ವಿಷಯ ಕೇಳ್ಲಿಕ್ಕೆ ಬಂದದ್ದು ಅಮ್ಮ. ಆ ಕುಚ್ಚಿಗೆ ನೀವು ಅರಿಶಿನ ಹಚ್ತಿದ್ರಾ?"

ರಾಜಮ್ಮ ಅವಳನ್ನು ಲೋಕ ತಿಳಿಯದ ಮಗುವನ್ನು ನೋಡುವಂತೆ ನೋಡಿದರು. "ಆಯುಧಪೂಜೆಗೆ ಇಡೋ ವಸ್ತು. ಅರಿಶಿನ ಹಚ್ದೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ?"

ಆಮೇಲೆ ಅವರ ಮಾತು ಬಿಚ್ಚಿಕೊಂಡಿತು. ಮನೆಯಲ್ಲಿ ಕತ್ತಿ ಇರಲಿಲ್ಲ, ಕುಚ್ಚು ಮಾತ್ರ ಇತ್ತು. ಮಾವನವರು ಇದ್ದಷ್ಟು ದಿನ ಅದನ್ನು ಹರಿವಾಣದಲ್ಲಿ ಎಲ್ಲಕ್ಕಿಂತ ಮೇಲಿಡಿಸುತ್ತಿದ್ದರು. ಅದರ ಕೆಳಗೆ ಮಚ್ಚು, ಕುಡುಗೋಲು, ಈಳಿಗೆಮಣೆ. ಅತ್ತೆ ಅರಿಶಿನ ಕಲಸಿ ಎರಡು ಬೆರಳಲ್ಲಿ ಕುಚ್ಚಿಗೆ ಸವರುತ್ತಿದ್ದರು, ಆಮೇಲೆ ಆ ಕೆಲಸ ಸೊಸೆಯ ಪಾಲಿಗೆ ಬಂತು. ತೊಳೆಯಕೂಡದು, ಬಿಚ್ಚಕೂಡದು, ದೊರೆ ಕೈಗಿತ್ತ ಹಾಗೆಯೇ ಇರಬೇಕು ಎಂಬುದು ಮಾವನವರ ಕಟ್ಟಪ್ಪಣೆ. ನೆಂಟರು ನಗುತ್ತಿದ್ದರಂತೆ, ಕತ್ತಿ ಇಲ್ಲದ ಮನೆಯ ಆಯುಧಪೂಜೆ ಎಂದು. ನಗಲಿ ಎಂದು ಇವರು ಅರಿಶಿನವನ್ನು ಇನ್ನಷ್ಟು ಬಳಿದರಂತೆ.

ಡೆಲ್ಮಾ ವಿಷಯ ಹೇಳಿದಳು. ಹೊಳೆದದ್ದು ಅರಿಶಿನವೇ ಇರಬೇಕು, ಆದರೆ ಇರಬೇಕು ಎಂದರೆ ಸಾಲದು. ಅರಿಶಿನ ಮುಟ್ಟದ ಜಾಗವೊಂದು ಬೇಕು. ಕುಚ್ಚಿನ ಪಟ್ಟಿಯ ಸುತ್ತ ದಾರದಿಂದ ನೇಯ್ದ ಬಳೆಯೊಂದಿತ್ತು, ಬಿಗಿಯಾಗಿ ಕೂತಿತ್ತು. ಅದನ್ನು ಒಂದು ಬೆರಳಿನಷ್ಟು ಸರಿಸಿದರೆ ಅಡಿಯಲ್ಲಿ ನಿಜ ಕಾಣುತ್ತದೆ. ಅಲ್ಲೂ ಹೊಳೆದರೆ ನಕಲಿಯೇ. ಅದು ಯುದ್ಧದ ಕಾಲದಿಂದ ಸರಿಯದ ಬಳೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ತಾನು ಮುಟ್ಟದೆ ಕೈ ಕಟ್ಟಿ ಕೂತಳು.

ಲಕ್ಷ್ಮೀನರಸಿಂಹ, ಬೇಡಮ್ಮ ಬಿಟ್ಬಿಡು, ಎಂದ. ಎರಡನೇ ಸಲ ಇಲ್ಲ ಎನ್ನಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ರಾಜಮ್ಮ ಒಳಗೆ ಹೋಗಿ ವಸ್ತ್ರ ತಂದು ಬಿಚ್ಚಿದರು. ಕುಚ್ಚನ್ನು ಕಣ್ಣಿಗೊತ್ತಿಕೊಂಡು, ಬಾಯಲ್ಲಿ ಏನೋ ಹೇಳಿಕೊಂಡು, ಹೆಬ್ಬೆರಳಿನಿಂದ ಬಳೆಯನ್ನು ಒತ್ತಿದರು. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. ಸ್ವಲ್ಪ ಸರಿಯಿತು.

ಮಗ ದೀಪ ಆರಿಸಿದ. ಟಾರ್ಚಿನ ಬೆಳಕಿಗೆ ಕುಚ್ಚೆಲ್ಲ ನಿಂಬೆಕಾಯಿ ಬಣ್ಣದಲ್ಲಿ ಎದ್ದಿತು. ಬಳೆ ಸರಿದ ಜಾಗದಲ್ಲಿ ಮಾತ್ರ ಒಂದು ಪಟ್ಟಿ ಕಪ್ಪಗೆ, ಮಂಕಾಗಿ ಉಳಿಯಿತು. ಡೆಲ್ಮಾಳಿಗೆ ಅಷ್ಟು ಸಾಲದು. ದೀಪ ಹಾಕಿಸಿ ಭೂತಗನ್ನಡಿ ಹಿಡಿದಳು. ಈ ಸಲ ಯಾವುದನ್ನೂ ಬಿಡಲಿಲ್ಲ: ಎಳೆಯ ಹುರಿ, ನೇಯ್ಗೆಯ ಬಿಗಿ, ಅಂಚಿನ ಹೊಲಿಗೆ, ಬಿಸಿಲೇ ಕಾಣದ ಒಳಮೈಯ ನೀಲಿ. ಅದು ಕ್ಯಾಪ್ಟನ್ನನೊಬ್ಬನದೋ ಅವನ ಕೆಳಗಿನವನದೋ ರೇಷ್ಮೆ ಕುಚ್ಚು. ಅಷ್ಟು ಹಸನಾದ ನೀಲಿಯನ್ನು ಬೂ ನಾಸರ್‌ನ ಕಪಾಟಿನಲ್ಲೂ ಅವಳು ಕಂಡಿರಲಿಲ್ಲ.

"ಒರಿಜಿನಲ್ ಅಮ್ಮ," ಎಂದಳು. ಧ್ವನಿ ಸಣ್ಣದಾಗಿತ್ತು.

"ನನಗೇನು ಹೇಳ್ತೀರಿ, ನಂಗೆ ಗೊತ್ತಿಲ್ವಾ," ಎಂದರು ರಾಜಮ್ಮ. "ಅಲ್ಲ ಅಂದಿದ್ದು ಅಷ್ಟು ಜನದ ಎದುರಿಗೆ. ಹೌದು ಅನ್ನೋದನ್ನ ಇಲ್ಲಿ ಬಂದು ಪಿಸುಗುಟ್ಟಿದ್ರೆ ಆಯ್ತಾ? ಅವರೆಲ್ಲ ಕೂತಿರ್ಬೇಕು, ನೀವು ನಿಂತು ಹೇಳ್ಬೇಕು. ಆಮೇಲೆ ಕುಚ್ಚಿನ ಮಾತು."

ಡೆಲ್ಮಾಳಿಗೆ ಆ ಕ್ಷಣ ಆ ಮುದುಕಿಯ ಮೇಲೆ ಪ್ರೀತಿ ಬಂದುಬಿಟ್ಟಿತು. ತಾನಾಗಿದ್ದರೂ ಇದನ್ನೇ ಕೇಳುತ್ತಿದ್ದೆ ಎನ್ನಿಸಿತು. ಆಯಿತು ಎಂದು ಎದ್ದಳು.

ಫೋನಿನಲ್ಲಿ ಬೂ ನಾಸರ್, ಅಷ್ಟೇ ತಾನೆ, ಕುಚ್ಚು ಕಳಿಸಿಬಿಡಿ, ಯಾರಿಗೂ ಹೇಳುವುದು ಬೇಡ, ನಿಮ್ಮ ಮರ್ಯಾದೆ ನನ್ನ ಮರ್ಯಾದೆ ಎಂದ. ಅವನದು ದೊಡ್ಡ ಮನಸ್ಸೇ. ಡೆಲ್ಮಾ ಒಪ್ಪಲಿಲ್ಲ. ಅಂದು ಇದ್ದವರೆಲ್ಲ ಇರಬೇಕು, ಸಿರಾಜುದ್ದೀನ್ ಸಹ ಎಂದು ಹಠ ಹಿಡಿದಳು. ಸಿರಾಜುದ್ದೀನ್ ಉಳ್ಳಾಲದವನು, ಬೂ ನಾಸರ್‌ನ ಸಂಗ್ರಹ ನೋಡಿಕೊಳ್ಳುವವನು, ಊರ ಕಡೆಯವನೆಂದು ಅವಳಲ್ಲಿ ಸಲಿಗೆ. ಎಲ್ಲರೂ ಸೇರುವ ದಿನ ಗೇಟಿನಲ್ಲೇ ಎದುರಾಗಿ, ಇದೆಲ್ಲ ಬೇಕಿತ್ತಾ ಮೇಡಂ, ಎಂದು ಮೆಲ್ಲಗೆ ಕೇಳಿದ. ಬೇಕು ಎಂದು ಅವಳು ಮೆಟ್ಟಿಲಿಳಿದಳು. ಹಿಂದೆ ಗ್ಲೆನ್ ಕೂಡ ಬಂದಿದ್ದ, ಬೇಡವೆಂದರೂ ಕೇಳದೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು.

ಎಲ್ಲರೂ ಕೂತಿದ್ದರು. ರಾಜಮ್ಮ ಮೈಸೂರು ರೇಷ್ಮೆ ಉಟ್ಟು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಡೆಲ್ಮಾ ಮೇಜಿನ ಬಳಿ ನಿಂತಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ರಾಜಮ್ಮನವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

"ಅವತ್ತು ನಾನು ಹೇಳಿದ್ದು ತಪ್ಪು. ಬೆಳಕು ನೋಡಿದೆ, ಬಣ್ಣ ನೋಡ್ಲಿಲ್ಲ. ಈ ಕುಚ್ಚು ಅಸಲಿ. ಸುಬೇದಾರ್ರು ಹೇಳಿದ ಮಾತಿನಲ್ಲಿ ಸುಳ್ಳಿಲ್ಲ. ತಪ್ಪು ನನ್ನದು."

ದೀಪ ಆರಿಸಿ, ಬಳೆ ಸರಿದ ಜಾಗದ ಕಪ್ಪು ಪಟ್ಟಿಯನ್ನು ಒಬ್ಬೊಬ್ಬರಿಗೂ ತೋರಿಸಿದಳು. ಅರಿಶಿನದ ಸಂಗತಿ ಕೇಳಿ ಬೂ ನಾಸರ್‌ನ ಗೆಳೆಯರು ತಲೆದೂಗಿದರು. ಅವರಲ್ಲೊಬ್ಬ, ವಯಸ್ಸಾದವನು, ಹಾಗಾದರೆ ನೀವು ಇದುವರೆಗೆ ಇಲ್ಲ ಎಂದದ್ದರಲ್ಲಿ ಇನ್ನೆಷ್ಟು ಹೌದು ಇವೆಯೋ ಎಂದು ನಕ್ಕ. ಗ್ಲೆನ್ ಕೂತಲ್ಲೇ ಸೆಟೆದುಕೊಂಡ. ಬೂ ನಾಸರ್‌ನ ಮುಖ ಮಾತ್ರ ಅರಳಿತು. ಎದ್ದು ಒಳಗಿನ ಕಪಾಟಿನಿಂದ ತನ್ನ ಹಳೆಯ ಜನರಲ್‌ನ ಕುಚ್ಚನ್ನು ತಂದು, ಹಬ್ಬದ ದಿನದ ಮಗುವಿನಂತೆ ಅವಳ ಮುಂದಿಟ್ಟ. ಇಷ್ಟು ವರ್ಷ ಅವನು ಅದನ್ನು ಎಸೆದಿರಲಿಲ್ಲ.

ಡೆಲ್ಮಾ ಕೂತಳು. ಟಾರ್ಚ್ ಹಿಡಿದಳು, ಬಣ್ಣ ನೋಡಿದಳು, ಬಳೆ ಸರಿಸಿದಳು, ಭೂತಗನ್ನಡಿಯಲ್ಲಿ ಎಳೆ ಎಳೆ ನೋಡಿದಳು. ಎಲ್ಲರೂ ಕಾದರು.

"ಇದು ಆಗಲೂ ನೈಲಾನ್, ಈಗಲೂ ನೈಲಾನ್," ಎಂದಳು. ನಾನು ಇಲ್ಲ ಎಂದ ಮಿಕ್ಕವನ್ನೂ ತರಿಸಿ, ಎಲ್ಲವನ್ನೂ ಮೊದಲಿನಿಂದ ನೋಡುತ್ತೇನೆ, ಆದರೆ ಇದನ್ನು ಇನ್ನೊಮ್ಮೆ ತರಬೇಡಿ ಎಂದೂ ಸೇರಿಸಿದಳು. ನಕ್ಕಿದ್ದ ಮುದುಕನೇ ಮೊದಲು ಕೈ ಎತ್ತಿ ಶಹಬ್ಬಾಸ್ ಎಂದ. ಬೂ ನಾಸರ್ ತಲೆ ಅಲ್ಲಾಡಿಸುತ್ತ ಜನರಲ್‌ನನ್ನು ಜೇಬಿಗೆ ಹಾಕಿಕೊಂಡ. ಸೋಫಾದ ಮೂಲೆಯಲ್ಲಿ ಗ್ಲೆನ್‌ನ ಎದೆ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಬೋಳು ಹಿಡಿಯ ಕತ್ತಿಯನ್ನು ಸಿರಾಜುದ್ದೀನ್ ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟ. ಬೂ ನಾಸರ್ ಕುಚ್ಚಿಗಾಗಿ ರಾಜಮ್ಮನವರ ಮುಂದೆ ಕೈ ಚಾಚಿದ. ಅವರು ಕೊಡಲಿಲ್ಲ. ಎದ್ದು ಬಂದು ಡೆಲ್ಮಾಳ ಮುಂದೆ ಹಿಡಿದರು.

"ನೀವೇ ಕಟ್ಟಿ," ಎಂದರು.

ಅಷ್ಟು ಕುಚ್ಚುಗಳನ್ನು ಅಳೆದು ಸುರಿದ ಡೆಲ್ಮಾ ಒಂದನ್ನೂ ಕತ್ತಿಗೆ ಕಟ್ಟಿದವಳಲ್ಲ. ಹೇಗೆ ಕಟ್ಟಬೇಕೆಂದು ಗೊತ್ತಿತ್ತು, ಅಷ್ಟೇ. ಪಟ್ಟಿಯನ್ನು ಹಿಡಿಯ ತುದಿಯ ಕುಣಿಕೆಯಲ್ಲಿ ಪೋಣಿಸಿ, ಮಡಚಿ, ಸುತ್ತು ತಂದು, ನೀಲಿ ಒಳಗಾಗುವಂತೆ ಗಂಟು ಹಾಕಿದಳು. ಎರಡನೇ ಸುತ್ತು ಓರೆಯಾಯಿತು. ಬಿಚ್ಚಿ ಮತ್ತೆ ಹಾಕಿದಳು. ಬಳೆಯನ್ನು ಅದರ ಹಳೆಯ ಜಾಗಕ್ಕೇ ಒತ್ತಿ ಕೂರಿಸಿ, ಮೇಜಿನಿಂದ ಹಿಂದೆ ಸರಿದು ನಿಂತಳು.

ಬೂ ನಾಸರ್ ಮುಂದೆ ಬರಹೊರಟವನು ನಿಂತ. ರಾಜಮ್ಮ ಚಪ್ಪಲಿ ಬಿಟ್ಟು, ಕನ್ನಡಕ ಏರಿಸಿಕೊಂಡು, ಕತ್ತಿಯ ಮೇಲೆ ಬಾಗಿದ್ದರು. ಗಂಟನ್ನು ಬಲಗಡೆಯಿಂದ ನೋಡಿದರು, ಎಡಗಡೆಯಿಂದ ನೋಡಿದರು. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಒಮ್ಮೆ ಜಗ್ಗಿದರು, ಸ್ವಲ್ಪ ತಡೆದು ಇನ್ನೊಮ್ಮೆ ಜಗ್ಗಿದರು. ಅವರಿಗೆ ಯಾವ ಅವಸರವೂ ಇರಲಿಲ್ಲ. ಡೆಲ್ಮಾ ಎರಡೂ ಕೈಗಳನ್ನು ಮುಂದೆ ಸೇರಿಸಿ, ತಲೆ ಎತ್ತಿ, ಅವರು ಹೇಳುವುದನ್ನು ಕಾಯುತ್ತ ನಿಂತಿದ್ದಳು.